ಗುರಾಣಿಯ ಮೇಲಿನ ಕತ್ತೆ

ಬೋರ್ಡು ಬರೆಯುವ ಆ ಅಂಗಡಿ ಅಕ್ಕನದು, ಕೈ ತಮ್ಮನದು. ತಮ್ಮನನ್ನು ಎಲ್ಲರೂ ‘ಡೈಲಾಗ್’ ಅಂತಲೇ ಕರೆಯುತ್ತಿದ್ದರು. ಬಾಯಿ ಬಿಟ್ಟರೆ ಸಿನಿಮಾ.

ಹೊಸ ಬಿಷಪ್ಪರ ಲಾಂಛನ ಹಲಗೆಯ ಮೇಲೆ ಮುಕ್ಕಾಲು ಮುಗಿದಿತ್ತು. ಮೇಲೆ ಅಗಲ ಅಂಚಿನ ಹಸಿರು ಟೊಪ್ಪಿ, ಎರಡೂ ಬದಿಗೆ ಇಳಿಬಿದ್ದ ಹಸಿರು ಕುಚ್ಚು, ಹಿಂದೆ ಶಿಲುಬೆ. ಅವೆಲ್ಲ ಪದವಿಯ ಗುರುತು, ಯಾವ ಬಿಷಪ್ಪರಿಗಾದರೂ ಅವೇ. ನಡುವಿನ ಗುರಾಣಿ ಮಾತ್ರ ಅವರವರದು. ಇವರು ಅದರೊಳಗೆ ಬರೆಸಿದ್ದು ಇಟ್ಟಿಗೆ ಹೊತ್ತ ಒಂದು ಕತ್ತೆ.

ಬೆಂಚಿನ ಮೇಲೆ ಯಾರೋ ಮುದುಕರು ಬಂದು ಕೂತರು. ನಂಬರ್ ಪ್ಲೇಟು ಬರೆಸಲು ಬಂದವರಿರಬೇಕು ಅಂದುಕೊಂಡ ಡೈಲಾಗಿಗೆ ಪ್ರೇಕ್ಷಕರು ಸಿಕ್ಕಂತಾಯಿತು.

“ನೋಡಿ ತಾತ, ಬೇರೆಯವ್ರು ಸಿಂಹ ಹಾಕಿಸ್ತಾರೆ, ಹದ್ದು ಹಾಕಿಸ್ತಾರೆ. ನಮ್ಮ ಹೀರೋ ಈ ಕತ್ತೆರಾಯ್ರು. ಎಂಟ್ರಿ ಹೆಂಗೆ ಗೊತ್ತಾ? ಮೊದ್ಲು ಗೊರಸು. ಧೂಳು. ಆಮೇಲೆ ನಿಧಾನಕ್ಕೆ ಕಿವಿ. ‘ಲೇ, ಇಟ್ಟಿಗೆ ಹೊರೋದು ನನ್ ಹಣೆಬರಹ, ಒದೆ ತಿನ್ನೋದು ನಿನ್ ಹಣೆಬರಹ.’”

ಬಗ್ಗಿ, ಹಿಂದಕ್ಕೊಂದು ಕಾಲು ಝಾಡಿಸಿ, ತನ್ನ ಜೋಕಿಗೆ ತಾನೇ ಬಿದ್ದು ಬಿದ್ದು ನಕ್ಕ.

“ಚೆನ್ನಾಗಿ ಮಾಡ್ತೀಯಪ್ಪ,” ಅಂದರು ಮುದುಕರು. “ನಮ್ದು ಒದೀತಿರ್ಲಿಲ್ಲ. ಅದರ ಬೆನ್ನ ಮೇಲೆ ಇಟ್ಟಿಗೆ ಹೊರ್ಸಿ ಹೊರ್ಸಿ ಅವನನ್ನ ಓದ್ಸಿದೆ.”

“ಯಾರನ್ನ, ಯಜಮಾನ್ರೇ?” ಅಕ್ಕ ಲೆಕ್ಕ ಬಿಟ್ಟು ತಲೆಯೆತ್ತಿದಳು.

“ಇದನ್ನ ಬರ್ಸಿದೋನನ್ನ. ನನ್ನ ಮಗ ಅವನು.”

ಡೈಲಾಗಿನ ಕಿವಿ ಬಿಸಿಯಾಯಿತು.

“ತಪ್ಪಾಯ್ತು ತಾತ. ಸುಮ್ನೆ ತಮಾಷೆಗೆ...”

“ನಿಂಗೆ ನಗು ಬಂತು, ನಕ್ಕೆ. ಜನ ನಗ್ತಾರೆ ಕಣೋ ಅಂದೆ ಅವನಿಗೆ. ಯಾರೂ ನಗಲ್ಲ ಅಪ್ಪ ಅಂದ. ನೋಡೇ ಬಿಡೋಣ ಅಂತ ಬಂದೆ.” ಮುದುಕರು ಹೆಗಲ ಮೇಲಿನ ವಲ್ಲಿಯಿಂದ ಬಾಯಿ ಒರೆಸಿಕೊಂಡರು. “ಅಳಿಸ್ಬಿಡು. ಕುರಿಮರಿ ಹಾಕು. ನಾಳೆ ದೊಡ್ಡೋರ ಮಧ್ಯೆ ಅವನು ತಲೆ ತಗ್ಗಿಸೋದು ಬೇಡ.”

‘ಯಾರೂ ನಗಲ್ಲ ತಾತ’ ಅನ್ನಲು ಡೈಲಾಗ್ ಬಾಯಿ ತೆರೆದ. ಈಗಷ್ಟೇ ನಕ್ಕ ಬಾಯಿ. ಮುಚ್ಚಿಕೊಂಡ.

“ಬರ್ಸಿದೋರಿಗೆ ಫೋನ್ ಮಾಡು,” ಅಂದಳು ಅಕ್ಕ. “ಕಾಲು ಝಾಡ್ಸಿದ್ದೂ ಸೇರಿಸಿ ಹೇಳು.”

ಹೇಳಿದ. ಆ ಕಡೆಯಿಂದ ಬಿಷಪ್ಪರು ಕೇಳಿದ್ದು ಒಂದೇ:

“ಅಪ್ಪನ ಎದುರಿಗೇನಾ?”

“ಹೂಂ, ಸ್ವಾಮಿ.”

“ನನ್ನ ನೋಡಿ ನಕ್ಕಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲ.” ದನಿ ಮೆತ್ತಗಿತ್ತು, ಬೈದಿದ್ದರೆ ವಾಸಿಯಿತ್ತು. “ಇನ್ನೊಂದ್ಸಲ ಅವ್ರು ಆ ನಗು ಕೇಳೋದು ಬೇಡ. ಅವ್ರು ಹೇಳಿದ್ದನ್ನೇ ಬರೀರಿ.”

ಡೈಲಾಗ್ ಬಿಳಿ ಬಣ್ಣದ ಡಬ್ಬ ಬಿಚ್ಚಿದ. ಮೊದಲು ಇಟ್ಟಿಗೆ ಹೋಯಿತು, ಆಮೇಲೆ ಬೆನ್ನು, ಕಾಲು. ಮುದುಕರು ಎದ್ದು ಬಂದು ಪಕ್ಕದಲ್ಲೇ ನಿಂತಿದ್ದರು. ಎಲ್ಲ ಬಳಿದರೂ ಬಿಳಿಯ ಅಡಿಯಿಂದ ಕತ್ತೆ ಇನ್ನೂ ಮಸುಕಾಗಿ ಕಾಣುತ್ತಿತ್ತು.

“ಇನ್ನೊಂದ್ಸಲ ಬಳಿಯಪ್ಪ,” ಅಂದರು.

ತಲೆಯೆತ್ತದೆ ಅವನು ಕುಂಚ ಅದ್ದಿದ.