ಅತ್ತಿಗೆಯ ಹೆಸರಿನಲ್ಲಿ

ನಾದಿನಿಯ ಸಂದರ್ಶನ ಸರಿಹೋಗಿಲ್ಲ ಎಂಬುದು ಆಫೀಸಿನಿಂದ ಬಂದ ಅತ್ತಿಗೆಗೆ ಹೆಗಲಿನ ಬ್ಯಾಗು ಇಳಿಸುವ ಮೊದಲೇ ತಿಳಿಯಿತು. ಅಡುಗೆಮನೆಯಲ್ಲಿ ಪಾತ್ರೆಗಳು ದಡಬಡ ಸದ್ದು ಮಾಡುತ್ತಿದ್ದವು.

"ಏನಾಯ್ತೇ?"

"ಏನಿಲ್ಲ. ಕೈ ತೊಳ್ಕೊಂಡು ಬನ್ನಿ, ಬಡಿಸ್ತೀನಿ."

ಮದುವೆ ಮುರಿದ ಮೇಲೆ ನಾದಿನಿ ಅಣ್ಣನ ಮನೆಗೆ ಬಂದಿದ್ದಳು. ನಲವತ್ತರ ಹೊಸ್ತಿಲಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತೇನೆ ಎಂದಾಗ ಅಣ್ಣ ನಕ್ಕಿದ್ದ. ಅತ್ತಿಗೆ ನಗಲಿಲ್ಲ; ಅವಳ ಕಸುಬೇ ಅದು. ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು, ಗಿಟ್ ಬಳಸುವುದನ್ನು ಹೇಳಿಕೊಟ್ಟಿದ್ದಳು. ಕೋಡಿನಲ್ಲಿ ಆದ ಒಂದೊಂದು ಬದಲಾವಣೆಯನ್ನೂ ಯಾರು ಮಾಡಿದರು, ಯಾವಾಗ ಮಾಡಿದರು ಎಂದು ನೆನಪಿಡುವ ಸಾಫ್ಟ್‌ವೇರ್ ಅದು. ಕಿವಿ ಕೇಳದವರಿಗಾಗಿ ಒಂದಷ್ಟು ಜನ ಸೇರಿ ಪುಕ್ಕಟೆಯಾಗಿ ಕಟ್ಟುತ್ತಿದ್ದ ಆ್ಯಪಿಗೆ ನಾದಿನಿ ಒಂದು ವರ್ಷ ದುಡಿದಿದ್ದಳು. ಅದನ್ನು ತೋರಿಸಿಯೇ ಈ ನೌಕರಿಗೆ ಅರ್ಜಿ ಹಾಕಿದ್ದಳು.

ಊಟದ ನಡುವೆ ಅವಳೇ ಬಾಯಿ ಬಿಟ್ಟಳು.

"ನನ್ನ ಮುಂದೇನೇ ಆ ಆ್ಯಪಿನ ಕೋಡು ತೆಗೆದು ನೋಡಿದ್ರು ಅತ್ತಿಗೆ. ನಾನು ಮಾಡಿದ್ದೆಲ್ಲ ಇತ್ತು. ಹೆಸರು ಮಾತ್ರ ನಿಮ್ದು. ಒಂದಲ್ಲ ಎರಡಲ್ಲ, ಹೆಚ್ಚೂಕಮ್ಮಿ ಎಲ್ಲದರ ಮೇಲೂ. 'ಇವರ್ಯಾರು?' ಅಂದ್ರು. 'ನಮ್ಮತ್ತಿಗೆ' ಅಂದೆ. ಆಮೇಲೆ ಏನೂ ಕೇಳ್ಲಿಲ್ಲ. ಕುಡಿಯೋಕೆ ನೀರು ಬೇಕಾ ಅಂದ್ರು, ಅಷ್ಟೆ."

ಅತ್ತಿಗೆಯ ಕೈ ತಟ್ಟೆಯಲ್ಲೇ ನಿಂತಿತು. "ನೀನು ಮೊದಲೇ ನೋಡಿರ್ಲಿಲ್ವಾ?"

"ನೋಡಿದ್ದೆ. ನನ್ನ ಹೆಸರು ಹಾಕ್ದೆ. ಮಾರನೇ ದಿನ ಮತ್ತೆ ನಿಮ್ದೇ ಬಂತು. ಮತ್ತೆ ಹಾಕ್ದೆ, ಮತ್ತೆ ಹೋಯ್ತು. ನಂಗೇ ಬರ್ತಿಲ್ಲ ಅಂದ್ಕೊಂಡೆ. ನೀವು ಸುಸ್ತಾಗಿ ಬರ್ತೀರ, ಇಷ್ಟಕ್ಕೆಲ್ಲ ಪ್ರಾಣ ತಿನ್ನೋದ್ಯಾಕೆ ಅಂತ ಸುಮ್ನಾದೆ. ಲ್ಯಾಪ್‌ಟಾಪ್ ನಿಮ್ದು, ಹೆಸರೂ ನಿಮ್ದೇ ಇದ್ರೆ ಇರ್ಲಿ ಬಿಡು ಅನ್ನಿಸ್ತು."

ಅತ್ತಿಗೆಗೆ ಥಟ್ಟನೆ ಹೊಳೆಯಿತು. ಆಫೀಸಿನದು, ಮನೆಯದು, ಈ ಹಳೆಯದು ಎಂದು ಮೂರು ಕಂಪ್ಯೂಟರ್. ಮೂರಕ್ಕೂ ಬೇರೆ ಬೇರೆಯಾಗಿ ಸೆಟ್ಟಿಂಗ್ಸ್ ಮಾಡುವ ಗೋಳು ಬೇಡವೆಂದು ಅವಳು ಗಿಟ್‌ನ ಸೆಟ್ಟಿಂಗ್ಸ್ ಫೈಲನ್ನು ಒಂದೇ ಕಡೆ ಇಟ್ಟು, ದಿನವೂ ಮೂರೂ ಅಲ್ಲಿಂದಲೇ ನಕಲು ತೆಗೆದುಕೊಳ್ಳುವಂತೆ ಮಾಡಿದ್ದಳು. ಆ ಫೈಲಿನ ತಲೆಯಲ್ಲೇ ಅವಳ ಹೆಸರು, ಅವಳ ಇಮೇಲ್. ನಾದಿನಿ ಬರೆದ ಹೆಸರನ್ನು ಪ್ರತಿ ಬೆಳಿಗ್ಗೆ ಒರೆಸಿ ಹಾಕುತ್ತಿದ್ದುದು ಅದೇ.

"ನಿಂದೇನೂ ತಪ್ಪಿಲ್ಲ ಕಣೇ. ನಂದು," ಎಂದಳು. ಉಳಿದದ್ದನ್ನು ಬೆಳಿಗ್ಗೆ ನೋಡೋಣ ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ರಜೆ. ನಿದ್ದೆ ತೀರದ ಕಣ್ಣಲ್ಲೇ ಅತ್ತಿಗೆ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತಳು. ಗಂಡ ಚಹಾದ ಲೋಟ ಹಿಡಿದು ಬಂದು ಇಣುಕಿದ.

"ಒಂದು ಹೆಸರಿಗೋಸ್ಕರ ಇಷ್ಟೆಲ್ಲ ರಾದ್ಧಾಂತವಾ?"

"ನಿಮ್ಮ ಡಿಗ್ರಿ ಸರ್ಟಿಫಿಕೇಟಲ್ಲಿ ನನ್ನ ಹೆಸರು ಬಂದಿದ್ರೆ ಗೊತ್ತಾಗ್ತಿತ್ತು."

ಅವನು ಲೋಟ ಹಿಡಿದುಕೊಂಡು ಬಾಲ್ಕನಿಗೆ ಹೋದ.

ಅವಳು ಫೈಲನ್ನು ಎರಡು ಮಾಡಿದಳು. ಎಲ್ಲ ಯಂತ್ರಗಳಿಗೂ ಬೇಕಾದ ಶಾರ್ಟ್‌ಕಟ್ಟು, ಬಣ್ಣ ಮುಂತಾದವು ಹಂಚಿಕೆಯ ಫೈಲಿನಲ್ಲೇ ಉಳಿದವು. ಹೆಸರು, ಇಮೇಲ್ ಎರಡನ್ನೂ ಅಲ್ಲಿಂದ ಕಿತ್ತು, ಆಯಾ ಯಂತ್ರದಲ್ಲೇ ಇರುವ ಇನ್ನೊಂದು ಪುಟ್ಟ ಫೈಲನ್ನೂ ಓದಿಕೋ ಎಂದು ಕೊನೆಗೊಂದು ಸಾಲು ಸೇರಿಸಿದಳು. ಆ ಪುಟ್ಟ ಫೈಲು ಯಾರೊಂದಿಗೂ ಹಂಚಿಕೆಯಾಗುವುದಿಲ್ಲ. ಆಮೇಲೆ ನಾದಿನಿಯನ್ನು ಕರೆದು ಕೂರಿಸಿದಳು.

"ಕೋಡಿನಲ್ಲಿ ಏನಾದ್ರೂ ಸಣ್ಣದು ಬದಲಾಯಿಸಿ ಗಿಟ್‌ಗೆ ಸೇರಿಸು ನೋಡೋಣ."

ನಾದಿನಿ ಸೇರಿಸಲು ಹೋದಳು. ಗಿಟ್ ಒಪ್ಪಲಿಲ್ಲ; ನೀನ್ಯಾರು ಹೇಳು ಎಂದಿತು.

"ಕೆಟ್ಟುಹೋಯ್ತಾ?"

"ಇಲ್ಲ. ಹೆಸರು ಗೊತ್ತಿಲ್ಲದಿದ್ರೆ ಊಹೆ ಮಾಡ್ಬೇಡ, ನಿಂತು ಕೇಳು ಅಂತ ನಾನೇ ಹೇಳಿದೀನಿ. ಈಗ ಬರಿ."

ನಾದಿನಿ ಪುಟ್ಟ ಫೈಲು ತೆರೆದು ತನ್ನ ಹೆಸರು ಬರೆದಳು. ಅದರ ಪಕ್ಕ ತವರಿನ ಅಡ್ಡಹೆಸರು ಹಾಕಲೇ, ಗಂಡನ ಮನೆಯದೇ ಎಂದು ಅರೆಗಳಿಗೆ ತಡೆದು, ತವರಿನದನ್ನೇ ಹಾಕಿದಳು.

"ಹಳೇದೆಲ್ಲ?"

"ತಿದ್ದಿದ್ರೆ ಅದರ ನಕಲು ಇಟ್ಕೊಂಡಿರೋರ ಕೆಲಸವೆಲ್ಲ ಗೋಜಲಾಗುತ್ತೆ. ಆದ್ರೆ ಆ ಆ್ಯಪ್ ನಾನು ಮುಟ್ಟೇ ಇಲ್ಲ. ನನ್ನ ಇಮೇಲ್ ಹೆಸರಲ್ಲಿರೋದೆಲ್ಲ ಇವಳದು ಅಂತ ಆ್ಯಪಿನವರೇ ಒಂದು ಸಾಲು ಬರೆದಿಟ್ರೆ, ಯಾರ್ಯಾರು ಏನು ಮಾಡಿದ್ರು ಅಂತ ಪಟ್ಟಿ ತೋರಿಸುವಾಗ ನಿನ್ನ ಹೆಸರೇ ಬರುತ್ತೆ. ಕೇಳ್ತೀನಿ."

ಕೇಳಿದಳು. ಆ್ಯಪಿನ ಮೇಲ್ವಿಚಾರಕರು ಮಧ್ಯಾಹ್ನವೇ ಉತ್ತರಿಸಿದರು: 'ಹಾಗಾದರೆ ಇಷ್ಟು ದಿನ ನಾವು ಥ್ಯಾಂಕ್ಸ್ ಹೇಳುತ್ತಿದ್ದದ್ದು ತಪ್ಪು ಹೆಂಗಸಿಗೆ!' ಓದಿ ನಾದಿನಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಸಂದರ್ಶನ ಮಾಡಿದ ಕಂಪನಿಗೂ ಅತ್ತಿಗೆ ಎಲ್ಲವನ್ನೂ ವಿವರಿಸಿ ಬರೆದಿದ್ದಳು. ಸೋಮವಾರ ಸೌಜನ್ಯದ ಉತ್ತರ ಬಂತು: ವಿಷಯ ಅರ್ಥವಾಯಿತು, ಆದರೆ ಆ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಾಗಿದೆ.

"ಹೋಗ್ಲಿ ಬಿಡಿ," ಎಂದಳು ನಾದಿನಿ. ಆಮೇಲೆ ಕೇಳಿದಳು: "ಇನ್ಮೇಲೆ ಏನಾದ್ರೂ ಗೊತ್ತಾಗದಿದ್ರೆ ಕೇಳ್ಲಾ? ನೀವು ಸುಸ್ತಾಗಿದ್ರೂ?"

"ಸುಸ್ತಿಲ್ಲದ ದಿನ ನೋಡ್ಕೊಂಡು ಕೇಳ್ತೀನಿ ಅಂದ್ರೆ ನಿಂಗೆ ಮುಪ್ಪು ಬರುತ್ತೆ. ಕೇಳು."

ಕೇಳುವುದು ಆಗಲೇ ಒಂದಿತ್ತು. ನಾದಿನಿ ಕುರ್ಚಿ ಎಳೆದುಕೊಂಡು ಬರುವಷ್ಟರಲ್ಲಿ ಅತ್ತಿಗೆ ಸೋಫಾದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ನಾದಿನಿ ಗಳಿಗೆ ಹೊತ್ತು ನೋಡಿದಳು. ಆಮೇಲೆ ಭುಜ ಅಲುಗಿಸಿ ಎಬ್ಬಿಸಿಯೇಬಿಟ್ಟಳು.