ಎಡಗೈ ತುತ್ತು

ಶೇಂಗಾ ಹಿಂಡಿ, ಹೌದು ಶೇಂಗಾ ಹಿಂಡಿನ, ಬಳ್ಳೊಳ್ಳಿ ಮುಂದಾಗಿ ಕುಟ್ಟ್ಯಾರ, ವಾಸನಿ ಮೂಗಿಗೆ ಬಡಿದದ್ದೇ ತಡ ಹೊನ್ನವ್ವನ ಬಾಯಾಗ ನೀರಾಡ್ತು, ತೊಡಿ ಮ್ಯಾಲಿದ್ದ ಎಡಗೈ ತಾನ ಮಿಸುಕಾಡ್ತು, ತಡಿಯವ್ವಾ, ತಾಟರ ಮುಂದ ಬರ್ಲಿ — ಹೂವಿನ ಹಿಪ್ಪರಗಿ ಸಮುದಾಯ ಭವನದಾಗ ಇವತ್ತ ಮುದುಕ ಮುದುಕೇರೆಲ್ಲಾ ಒಗದ ಅರಬಿ ಹಾಕ್ಕೊಂಡು ಗ್ವಾಡಿಗೆ ಆತು ಪಂಗತಿ ಕುಂತಾರ, ಮಗ್ಗಲದ ಗೈಬುಸಾಬರಂತೂ ಕಣ್ಣಿಗೆ ಸುರಮಾ ಹಚ್ಕೊಂಡು ಬಂದಾರ, ವಯಸ್ಸಾದವರ ಆರೋಗ್ಯಕ್ಕ, ಸ್ವಾವಲಂಬನೆಗೆ ಅಂತ ಅನುದಾನ ಕೊಡೂ ಸಂಸ್ಥಾದಿಂದ ಪ್ರಿಯದರ್ಶಿನಿ ಅನ್ನೂ ಮೇಡಂ ಬಂದಾರ, ಭವನದಾಗಿನ ಈ ವಯಸ್ಸಾದವರ ಕೇಂದ್ರ ಮುಂದಿನ ವರ್ಷ ನಡಿಯೂದು ಬಿಡೂದು ಅವರ ಕೈಯಾಗ ಐತಿ. ಸ್ವಾವಲಂಬನೆ ಅಂದ್ರೇನು ಅಂತ ರೇಣುಕಾನ ತಿಳಿಸಿದ್ಳು, ರೇಣುಕಾ ಅಂದ್ರ ಇಲ್ಲಿ ಕೈಕಾಲಿಗೆ ವ್ಯಾಯಾಮ ಮಾಡ್ಸೂ ಹುಡುಗಿ, ನಿನ್ನ ಕೆಲಸ ನೀನ ಮಾಡ್ಕೊಳ್ಳೂದು ಆಯಿ, ಇವತ್ತ ಅವರ ಮುಂದ ನೀ ಉಂಡು ತೋರ್ಸಿದ್ರ ಸಾಕು, ನಾ ಬಾಯಿ ಬಿಟ್ಟು ಅನುದಾನ ಕೇಳೂದ ಬ್ಯಾಡ, ಅಂದಿದ್ಳು, ಲಕ್ವಾ ಹೊಡದು ಬಲಗೈ ಬಲಗಾಲು ಬಿದ್ದು ಮಾತೂ ಹೋದ ಮ್ಯಾಲ ತನ್ನ ಕಡಿಂದ ಯಾರು ಏನು ಬೇಡ್ಯಾರ, ಎಲ್ಲಾರೂ ಎತ್ತಾವ್ರು, ಕುಂಡ್ರಸಾವ್ರು, ಬಾಯಿ ಒರಸಾವ್ರು, ಬೇಡಿದಾಕಿ ಈ ಹುಡುಗಿ ಒಬ್ಬಾಕಿನ. ಮದಲಿಗೆ ಜೋಳದ ಅಳ್ಳು ಮುಂದ ಸುರುವಿದ್ಳು, ಒಂದೊಂದ ಆರಿಸಿ ಬಟ್ಲಾಗ ಹಾಕು, ಎಡಗೈ ಎಷ್ಟು ದಡ್ಡ ಇತ್ತು, ಅಳ್ಳು ಒಂದ ಕಡೆ ಬೊಟ್ಟು ಒಂದ ಕಡೆ, ಅತ್ತದ್ದೂ ಐತಿ, ಎಡಗೈಲೆ ಉಣ್ಣೂದಂದ್ರ ಏನವ್ವಾ, ಶಿವನ ಪ್ರಸಾದಕ್ಕ ಆ ಕೈ ಹಚ್ಚೂದಾ, ಮನಸಿನ್ಯಾಗಿನ್ದು ಆ ಹುಡುಗಿಗೆ ಹೆಂಗ ತಿಳೀತೋ, ಹೊಟ್ಟಿಗೇನು ಗೊತ್ತು ಆಯಿ ಯಾವ ಕೈ ಅಂತ, ಅಂದು ನಕ್ಕಿದ್ಳು, ಆಮ್ಯಾಲ ಒಂದಿನ ಖಡಕ್ ರೊಟ್ಟಿ ಅಂಗೈ ಬುಡಕ್ಕ ಇಟ್ಟು ಒತ್ತಿದ್ರ ಲಟಕ್ ಅಂತ ಮುರೀತು, ಆ ಸಪ್ಪಳಕ್ಕ ತಾನ ಬೆಚ್ಚಿದ್ಳು, ಪುಂಡಿಪಲ್ಲೆ ತಗೊಂಡು ಹಿಂಡಿ ಮುಟ್ಟಿಸಿ ಬಾಯಿಗಿಟ್ಟಾಗ ಕಣ್ಣಾಗ ನೀರು ಬಂತು, ಖಾರಕ್ಕಷ್ಟ ಅಲ್ಲ.

ಮನ್ಯಾಗ ಇದು ಯಾರಿಗೂ ಗೊತ್ತಿಲ್ಲ, ಮನ್ಯಾಗ ಗಂಡ ಶ್ರೀಶೈಲಪ್ಪನ ಕೈ, ಅವರು ಕೆಟ್ಟವರು ಅಂದ್ರ ಬಾಯಾಗ ಹುಳಾ ಬಿದ್ದಾವು, ಸೊಸಿ ಮುಂದ ಬಂದ್ರೂ ಬಿಡವಲ್ರು, ನನ್ನ ಹೇಣ್ತಿಗೆ ನಾ ಉಣ್ಣಸ್ತೇನಿ, ಓಣಿ ಹೆಣ್ಮಕ್ಕಳು ಏನು ಪುಣ್ಯಾ ಮಾಡೀದಿ ಹೊನ್ನವ್ವಾ ಅಂತಾರ, ಪುಣ್ಯಾನ ಇರಬೇಕು, ಬಿಸಿ ಹಾಲಾಗ ರೊಟ್ಟಿ ನೆನಸಿ ಸಕ್ರಿ ಹಾಕಿ ಕಿವುಚಿ ದೊಡ್ಡ ದೊಡ್ಡ ತುತ್ತು, ಒಂದು ಒಳಗ ಇಳಿಯೂದ್ರಾಗ ಇನ್ನೊಂದು ತುಟಿಗೆ ಬಂದಿರ್ತೈತಿ, ಹಾಲಂದ್ರ ಆಕಿಗೆ ಸಣ್ಣಾಕಿದ್ದಾಗಿಂದ ಓಕರಿಕಿ, ಅಗರಖೇಡದ ತವರಮನ್ಯಾಗ ಎಮ್ಮಿ ಹಿಂಡಾಕಿ ತಾನು, ಕುಡಿಯಾಕಿ ತಂಗಿ, ಇದು ಇವರಿಗೆ ಹೆಂಗ ಗೊತ್ತಿರಬೇಕು, ಇಷ್ಟು ವರ್ಷದ ಸಂಸಾರದಾಗ ಹೇಣ್ತಿ ಉಣ್ಣೂದು ಇವರು ಒಮ್ಮೆರ ನೋಡಿದ್ರ ಹೌದಲ್ಲ, ಗಂಡಸರದು ಆದ ಮ್ಯಾಲ ಒಲಿ ಮುಂದ ಒಬ್ಬಾಕಿನ ಕುಂತು, ಸೆರಗು ಸೊಂಟಕ್ಕ ಸಿಗಿಸಿ, ಹಸಿ ಉಳ್ಳಾಗಡ್ಡಿ ಗುದ್ದಿ, ತಳಾ ಹತ್ತಿದ ಪಲ್ಲೆ ಕೆರಕೊಂಡು, ಇಡೀ ದಿನದಾಗ ಅದೊಂದ ಹೊತ್ತು ತನ್ನದಿತ್ತು, ಯಾರೂ ಏನೂ ಕೇಳ್ತಿರಲಿಲ್ಲ. ಹೋದ ಆ ಹೊತ್ತು ಈ ಭವನದಾಗ ವಾಪಸ್ ಸಿಕ್ಕಿತ್ತು.

ಬಂತು ತಾಟು, ರೊಟ್ಟಿ, ಪುಂಡಿಪಲ್ಲೆ, ಹಿಂಡಿ, ಉಳ್ಳಾಗಡ್ಡಿ, ಮೇಡಂ ಎದುರಿಗೆ ಬಂದು ನಿಂತ್ರು, ಮನಿಯವರನ್ನೂ ಕರಕೊಂಡು ಬರ್ರಿ ಅಂದಿದ್ರಂತ, ಶ್ರೀಶೈಲಪ್ಪನೂ ಪಟಗಾ ಸುತ್ತಿ ಬಂದು ಬಾಗಿಲ ಕಡೆ ಖುರ್ಚಿ ಮ್ಯಾಲ ಕುಂತಾರ, ನೋಡ್ರಿ, ಈಗ ನೋಡ್ರಿ, ಎಡಗೈ ಮ್ಯಾಲೆದ್ದು ರೊಟ್ಟಿ ಮ್ಯಾಲ ಕುಂತು, ಒತ್ತು, ಲಟಕ್, ಪಲ್ಲೆಕ್ಕ ಹೋತು, ಹಿಂಡಿಗೆ ಹೋತು, ಮ್ಯಾಲ ಬಂತು — ಹೊನ್ನೀ. ಅವರ ದನಿ. ಖುರ್ಚಿ ಸರದ ಸಪ್ಪಳಾ, ಕೈ ತೊಳದ ಸಪ್ಪಳಾ, ಬಂದು ಎದುರಿಗೆ ನೆಲಕ್ಕ ಕುಂತೇಬಿಟ್ರು, ಆ ಮುಖಾ, ನಾಕ ಮಂದ್ಯಾಗ ಯಾರೋ ಅವರ ಪಟಗಾ ಕಿತ್ತಿ ಒಗದಂಗ ಆಗಿತ್ತು ಆ ಮುಖಾ, ಆಕಿ ಕೈಯಾಗಿನ ತುತ್ತು ತಗೊಂಡು ತಾಟಿಗಿಟ್ರು, ಕೈ ಮೆಲ್ಲಕ ತೊಡಿ ಮ್ಯಾಲಿಟ್ಟು ಮ್ಯಾಲ ತಮ್ಮ ಕೈ ಇಟ್ರು, ನಾ ಇರೂತನಕ ನಿನಗ ಈ ಗತಿ ಬರಗೊಡಂಗಿಲ್ಲ, ಒಂದೀಟು ಹಾಲು ತರ್ರೆವ್ವಾ, ಯಾರೋ ತಂದ್ರು, ರೇಣುಕಾ ಓಡಿ ಬಂದ್ಳು, ಮುತ್ಯಾ ಬಿಡ್ರಿ, ಆಯಿ ತಾನ ಉಣ್ತಾಳ್ರಿ, ಮೇಡಂ, ಇದನ್ನ ತೋರ್ಸಬೇಕಂತನ ನಾವು, ಮೇಡಂ ಕನ್ನಡಕ ತಗದು ಕಣ್ಣು ಒರಸಿಕೊಳ್ಳಾಕತ್ತಾರ, ಬಿಡಿ ರೇಣುಕಾ, ಇಂಥ ಪ್ರೀತಿ ಮುಂದೆ ನಿಮ್ಮ ತರಬೇತಿ ಯಾವ ಲೆಕ್ಕ, ಮನೆಯವರೇ ಹೀಗೆ ನೋಡಿಕೊಳ್ಳೋ ಊರಿಗೆ ನಮ್ಮ ಅನುದಾನ ಯಾಕೆ, ದಿಕ್ಕಿಲ್ಲದವರ ಕಡೆ ಹೋಗಲಿ, ಸಮಿತಿಗೂ ಇದನ್ನೇ ಹೇಳ್ತೀನಿ, ಒಂದು ಫೋಟೋ, ಇನ್ನೊಂದು, ಅಜ್ಜಿ, ಯಜಮಾನರು ಉಣಿಸೋದೇ ನಿಮಗೆ ಖುಷಿ ಅಲ್ವಾ. ಇಲ್ಲ ಅನ್ನಬೇಕು, ಇಲ್ರೀ ಮೇಡಂ, ಹಾಲು ನನಗ ಬ್ಯಾಡ, ನನ್ನ ತುತ್ತು ನನಗ ಬಿಡ್ರಿ, ಎದಿಯಾಗ ಗುದ್ದಾಡಾಕತ್ತೈತಿ, ಮಾತು ಎಲ್ಲೈತಿ, ಹೋಗಲಿ ಕೈಯರ ಕಿತ್ತುಕೊಂಡ್ರ ಆತು, ರೇಣುಕಾ ಕಣ್ಣಿಲೆ ಅದನ್ನ ಬೇಡಾಕತ್ತಾಳ, ಕಿತ್ಕೋ ಆಯಿ, ತೋರ್ಸು ಆಯಿ, ಮ್ಯಾಲಿರೂ ಮುದಿ ಕೈಯಾಗ ಬಿಗಿನೂ ಇಲ್ಲ, ಇವರ ಕಣ್ಣಾಗೂ ನೀರು, ಈ ಮನಷಾ ಮಂದಿ ಮುಂದ ಕಣ್ಣೀರು ತಗದದ್ದು ಯಾವಾಗ ನೋಡೇನಿ ನಾ, ಈಗ ಕಿತ್ತುಕೊಂಡ್ರ ಇವರು ಈ ಮುಖಾ ತಗೊಂಡು ಓಣ್ಯಾಗ ಹೆಂಗ ನಡೀಬೇಕು, ಬಿಟ್ರ ತಾ ಹೆಂಗ ಉಣ್ಣಬೇಕು, ಗೈಬುಸಾಬರು ತಮ್ಮ ತಾಟು ಮರತು ಇತ್ಲಾಗ ನೋಡಾಕತ್ತಾರ, ಎಲ್ಲಾರೂ ನೋಡಾಕತ್ತಾರ, ಅಜ್ಜಿ, ಖುಷಿ ಅಲ್ವಾ, ಲಕ್ವಾ ಬಿಟ್ಟು ಹೋದ ಒಂದ ಒಂದು ಸಪ್ಪಳಾ ಗಂಟಲಾಗಿಂದ ತಾನ ಎದ್ದು ಬಂತು, ಹೂಂ, ಅಂದ್ಳು ಹೊನ್ನವ್ವ. ರೇಣುಕಾ ಮುಖಾ ಆಕಡೆ ತಿರಿವಿದ್ಳು, ಯಾರೋ ಚಪ್ಪಾಳಿ ಹೊಡದ್ರು, ಬಾಯಿ ತಗಿ ಹೊನ್ನೀ, ಅವರ ಕೈ ಬುಡಕ ಎಡಗೈಗೆ ಹಿಂಡಿ ಇನ್ನೂ ಮೆತ್ತಿದಂಗ ಐತಿ, ಬಾಯಿ ತಗಿ, ತಗದ್ಳು, ನುಂಗಿದ್ಳು, ಮತ್ತ ಅವರ ಬೊಟ್ಟು, ಬೆಳ್ಳಗ ಕಿವುಚಿದ ತುತ್ತು, ಬಾಯಿ ತಗಿ, ನುಂಗಿದ್ಳು, ಮತ್ತ ಅದ ಬೊಟ್ಟು, ಅದ ಬೆಳ್ಳಗಿನ ತುತ್ತು, ತುಟಿ ಮುಂದ