ಕಳಚಿದ ಕದ

ಕದದ ಮೇಲಿನ ಕೀಲು ಸಲೀಸಾಗಿ ಬಿಟ್ಟುಕೊಂಡಿತು. ಕೆಳಗಿನದರ ಸ್ಕ್ರೂ ಮಾತ್ರ ತುಕ್ಕು ಹಿಡಿದು ಹಟ ಮಾಡುತ್ತಿತ್ತು. ಬಡಗಿ ತನ್ನ ಬಾಡಿಗೆ ಕೋಣೆಯ ಮುಂದೆ ಮೊಣಕಾಲೂರಿ ಅದಕ್ಕೆ ಎಣ್ಣೆ ಬಿಟ್ಟ. ಅಂಗಳದಲ್ಲಿ ಮನೆಯೊಡತಿಯ ದೇಹವನ್ನು ವ್ಯಾನಿಗೆ ಏರಿಸುತ್ತಿದ್ದರು.

"ತಲೆ ಕೆಟ್ಟಿದೆಯೇನಯ್ಯಾ? ಇಂಥ ಹೊತ್ತಲ್ಲಿ ರಿಪೇರಿಗೆ ಕೂತಿದ್ದೀಯಲ್ಲ!" ಎದುರುಮನೆಯ ಗುಮಾಸ್ತರು ಬಗ್ಗಿ ನೋಡಿದರು.

"ಬೀಗ ಬೀಳುತ್ತೆ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ ಸಾರ್."

ಹೇಳಿದ್ದು ನಿಜ. ಒಡತಿಯ ಮಗ ಹೊಸ ಬೀಗ ಕೊಂಡು ತಂದದ್ದನ್ನು ಕಂಡು, ಕೋರ್ಟಿನಲ್ಲೇ ತಲೆ ನರೆಸಿಕೊಂಡಿದ್ದ ಗುಮಾಸ್ತರು ಬಡಗಿಯನ್ನು ಮೂಲೆಗೆ ಕರೆದಿದ್ದರು. "ಕರಾರುಪತ್ರ ಇಲ್ಲ ಅಂತ ಹೆದರಬೇಡ. ವಾಸ ಇದ್ದೀಯ, ಬಾಡಿಗೆ ಕೊಟ್ಟಿದ್ದೀಯ. ನೋಟಿಸ್ ಕೊಡದೆ ಹೊರಗೆ ಹಾಕೋ ಹಾಗಿಲ್ಲ. ಆದ್ರೆ ಸ್ಮಶಾನದಿಂದ ನೀನು ಬರೋದ್ರೊಳಗೆ ಬೀಗ ಬಿತ್ತು ಅಂದ್ಕೋ, ಆಮೇಲೆ ಅಲೆದೂ ಅಲೆದೂ ಚಪ್ಪಲಿ ಸವೆಯುತ್ತೆ. ಇವತ್ತು ಕೋಣೆ ಬಿಟ್ಟು ಕದಲಬೇಡ."

ಕದಲದಿದ್ದರೆ, ತಾನು ಅಕ್ಕ ಎನ್ನುತ್ತಿದ್ದ ಒಡತಿಯನ್ನು ಕಳಿಸಿಕೊಡುವುದು ಹೇಗೆ? ಕದಲಿದರೆ ರಾತ್ರಿ ಮಲಗುವುದೆಲ್ಲಿ? ಬೆಳಗಿನಿಂದ ಬಡಗಿಗೆ ಇದೇ ಯೋಚನೆ.

"ಕದಾನೇ ಇಲ್ಲದಿದ್ರೆ ಬೀಗ ಎಲ್ಲಿಗೆ ಹಾಕ್ತಾರೆ ಸಾರ್?"

ಬಡಗಿ ಕದವನ್ನು ಒಳಗೋಡೆಗೆ ಒರಗಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡು, ಓಡಿ ಹೋಗಿ ವ್ಯಾನು ಹತ್ತಿದ.

*

ವರ್ಷಗಳ ಹಿಂದೆ ಅವನು ಬಾಡಿಗೆಗೆ ಬಂದಾಗ ಅದು ಹಳೆ ಸಾಮಾನು ತುಂಬಿದ್ದ, ಕದವಿಲ್ಲದ ಕೋಣೆ.

"ಕದ ನೀನೇ ಮಾಡ್ಕೊಂಡು ಇರಪ್ಪ," ಎಂದಿದ್ದರು ಒಡತಿ.

"ಬರವಣಿಗೆ ಏನೂ ಬೇಡ್ವಾ ಅಕ್ಕ?"

"ಯಾಕೆ, ಓಡಿಹೋಗ್ತೀಯಾ? ನಾನಂತೂ ಓಡಲ್ಲ."

ಕದ ಏರಿಸುವ ದಿನ ಅವನು ಒಂಟಿಯಾಗಿ ಒದ್ದಾಡುವುದನ್ನು ನೋಡಲಾರದೆ ಅವರೇ ಬಂದು, ಕದದಡಿಗೆ ಚಪ್ಪಲಿಯ ತುದಿ ಕೊಟ್ಟು ನಿಂತರು. "ಬೇಗ ಬಿಗಿಯಪ್ಪ, ಕಾಲು ಜೋಮು ಹಿಡೀತಿದೆ!"

ಅಂದಿನಿಂದ ದಿನಾ ಬೆಳಿಗ್ಗೆ ಆ ಕದ ತಟ್ಟುತ್ತಿದ್ದರು.

"ಇದ್ದೀಯಾ?"

"ಇದ್ದೀನಕ್ಕ."

ಎಷ್ಟೋ ದಿನ ಇಬ್ಬರಿಗೂ ಅದೊಂದೇ ಮಾತುಕತೆ. ನಿನ್ನೆ ಅವರು ತಟ್ಟಲಿಲ್ಲ. ಹೋಗಿ ನೋಡಿದವನು ಅವನೇ.

*

ಸ್ಮಶಾನದಿಂದ ಎಲ್ಲರಿಗಿಂತ ಕೊನೆಗೆ ಹೊರಟವನು ಬಡಗಿ. ಅವನು ಬರುವಷ್ಟರಲ್ಲಿ ಕೋಣೆಯ ಮುಂದೆ ಮಗ ನಿಂತಿದ್ದ, ಕೈಯಲ್ಲಿ ಬೀಗ. ಬಯಲಾದ ಚೌಕಟ್ಟನ್ನೂ ಒಳಗೆ ಕಾಣುವ ಚಾಪೆಯನ್ನೂ ನೋಡುತ್ತಿದ್ದ. ಗುಮಾಸ್ತರು ಅವನ ಕಿವಿಯನ್ನೂ ಹಿಂಡಿದ್ದರೆಂದು ಕಾಣುತ್ತದೆ.

"ಮನೆ ಮಾರ್ಬೇಕು ಅಂತಿದ್ದೀನಿ," ಎಂದ, ಮುಖ ನೋಡದೆ. "ನೋಟಿಸ್ ಕೊಟ್ಟೇ ಬಿಡೋಕೆ ಹೇಳ್ತೀನಿ. ಅಲ್ಲೀವರೆಗೂ ಇರಿ. ಕದ ಹಾಕ್ಕೊಳ್ಳಿ, ಚಳಿ ಇದೆ."

ಬೀಗವನ್ನು ಹೊಸ್ತಿಲ ಮೇಲಿಟ್ಟು ಹೋದ.

ಕೋಣೆ ಉಳಿದಿತ್ತು. ಅದನ್ನು ಅಕ್ಕನಿಗೆ ಹೇಳೋಣವೆಂದು ಬಡಗಿ ಅಭ್ಯಾಸಬಲದಿಂದ ಅವರ ಮನೆಯ ಕಡೆ ತಿರುಗಿದ. ಅಲ್ಲಿ ದೀಪವಿರಲಿಲ್ಲ.

ಕದ ಎತ್ತಿದ. ಈಗಿನ ತೋಳಿಗೆ ಅದು ಭಾರ. ಎರಡು ಸಲ ಜಾರಿತು. ಅಡಿಗೆ ಕೊಟ್ಟ ಮರದ ಚೂರುಗಳು ಒಂದೂ ಅಳತೆಗೆ ಬರಲಿಲ್ಲ. ಕೊನೆಗೆ ಹೊಸ್ತಿಲ ಮೇಲಿದ್ದ ಬೀಗವನ್ನೇ ಅಡ್ಡ ಮಲಗಿಸಿ, ಹಿಂದೆ ಅಕ್ಕನ ಚಪ್ಪಲಿಯ ತುದಿ ಇದ್ದ ಜಾಗಕ್ಕೆ ಸರಿಸಿದ. ಕದ ಎತ್ತರಕ್ಕೆ ಸರಿಯಾಗಿ ನಿಂತಿತು. ಒಂದೊಂದೇ ಸ್ಕ್ರೂ ನಿಧಾನವಾಗಿ ಬಿಗಿಯತೊಡಗಿದ. ಕಾಲು ಜೋಮು ಹಿಡೀತಿದೆ ಎನ್ನುವವರು ಯಾರೂ ಇರಲಿಲ್ಲ.